ಎರಕದ ಮರಳಿನ ನಿರವಯವ ಬಂಧಕಗಳು: ತೇವನಿರೋಧದ ವಿಮರ್ಶೆ

ಇಂಡಿ ತಾಲ್ಲೂಕಿನ ಸಾಲೋಟಗಿಯು ಕ್ರಿ.ಶ. 945ರ ಶಾಸನದಿಂದ ಪ್ರಸಿದ್ಧವಾದ ಪ್ರಾಚೀನ ವಿದ್ಯಾಸ್ಥಾನ. ಪ್ರಕೃತ ನಾವು ಆ ಊರನ್ನು ನೆನೆಯುವುದು ಅದರ ಹವೆಯ ನಿಮಿತ್ತ. ಅಲ್ಲಿ ಬೇಸಗೆಯ ಗಾಳಿ ತೀರ ಒಣಗಿರುತ್ತದೆ. ಎರಕದ ಕಾರ್ಖಾನೆಗಳಿಗೆ ಹೆಸರಾದ ಬೆಳಗಾವಿಯಲ್ಲಿಯಾದರೋ ಮಳೆಗಾಲದ ಗಾಳಿ ತೇವದಿಂದ ತುಂಬಿರುತ್ತದೆ. ಒಂದೇ ಮರಳು, ಒಂದೇ ಬಂಧಕ, ಒಂದೇ ಪ್ರಮಾಣವಿದ್ದರೂ ಈ ಎರಡು ಕಡೆ ಅಚ್ಚಿನ ಬಲ ಒಂದೇ ಆಗಿ ಉಳಿಯಲಾರದು. ಬಂಧಕಗಳ ಗುಣವನ್ನು ವರ್ಣಿಸುವ ಬರಹಗಳು ಹಲವು ವೇಳೆ ಈ ಸರಳ ಸಂಗತಿಯನ್ನೇ ಮರೆಯುತ್ತವೆ ಎಂಬುದು ನಮ್ಮ ಆಕ್ಷೇಪ.

ವಾಟರ್ ಗ್ಲಾಸ್ ಎಂದು ಕರೆಯುವ ಸೋಡಿಯಂ ಸಿಲಿಕೇಟಿನ ಮೂಲಕ ಕಾರ್ಬನ್ ಡೈಆಕ್ಸೈಡ್ ಹಾಯಿಸಿದಾಗ ಸಿಲಿಕಾ ಜೆಲ್ಲೂ ಸೋಡಿಯಂ ಕಾರ್ಬೋನೇಟೂ ಉಂಟಾಗುತ್ತವೆ. ಜೆಲ್ಲು ಮರಳಿನ ಕಣಗಳ ನಡುವೆ ಸೇತುವೆಯಾಗಿ ನಿಲ್ಲುತ್ತದೆ. ಆದರೆ ಸೋಡಿಯಂ ಗಾಳಿಯ ತೇವವನ್ನು ಸೆಳೆಯುತ್ತದೆ. ಹಾಗೆ ಹುಟ್ಟಿದ ಕ್ಷಾರದ್ರವವು ಸಿಲಿಕಾನ್ ಮತ್ತು ಆಮ್ಲಜನಕಗಳ ಬಂಧವನ್ನು ಕಡಿಯುತ್ತದೆ. ಸೇತುವೆ ಮೆತ್ತಗಾಗಿ ಅಚ್ಚು ಬಲಗುಂದುತ್ತದೆ. ಕರಗಿದ ಲೋಹವನ್ನು ಹೊಯ್ದಾಗ ಹೀರಿದ ನೀರು ಆವಿಯಾಗಿ ಎರಕದಲ್ಲಿ ಗುಳ್ಳೆಗಳನ್ನುಂಟುಮಾಡುತ್ತದೆ. ಬಿಸಿಗಾಳಿಯಿಂದ ಒಣಗಿಸಿ ಗಟ್ಟಿಮಾಡಿದ ಕೋರ್‌ಗಳಿಗೂ ಈ ಭಯ ತಪ್ಪಿದ್ದಲ್ಲ. ಕಳೆದುಕೊಂಡ ನೀರನ್ನು ಅವು ಮತ್ತೆ ಹೀರಬಲ್ಲವು.

ಇದಕ್ಕೆ ಸೂಚಿಸುವ ಪರಿಹಾರಗಳನ್ನು ಪರಿಶೀಲಿಸೋಣ. ಬಂಧಕವನ್ನು ಹೆಚ್ಚಿಸಿದರೆ ಬಲ ಹೆಚ್ಚುವುದು ನಿಜ. ಸೋಡಿಯವೂ ಹೆಚ್ಚುವುದರಿಂದ ಎರಕವಾದ ಬಳಿಕ ಮರಳನ್ನು ಉದುರಿಸುವುದೂ ಮರುಬಳಸುವುದೂ ಕಷ್ಟವಾಗುತ್ತದೆ. ಸಿಲಿಕಾದ ಅನುಪಾತವನ್ನು ಏರಿಸಿದರೆ ತೇವನಿರೋಧ ಉತ್ತಮಗೊಳ್ಳುತ್ತದೆ. ಆದರೆ ಕಲಸಿದ ಮರಳು ಬೇಗ ಬಿಗಿಯುತ್ತದೆ. ಲಿಥಿಯಂ ಸಿಲಿಕೇಟನ್ನು ಬೆರೆಸುವುದು ಗುಣಕಾರಿ, ಆದರೆ ದುಬಾರಿ. ಅತಿಸೂಕ್ಷ್ಮ ಸಿಲಿಕಾ ಪುಡಿಯೂ ಸಹಾಯಕ. ಆದರೆ ಕೋರಿಗೆ ನೀರಿನಲ್ಲಿ ಕದಡಿದ ಲೇಪವನ್ನು ಬಳಿದೆವಾದರೆ, ತಡೆಯಬೇಕೆಂದಿದ್ದ ತೇವವನ್ನು ನಾವೇ ಕೈಯಾರೆ ಕೊಟ್ಟಂತಾಯಿತು.

ಹಾಗೆಂದು ನಿರವಯವ ಬಂಧಕಗಳನ್ನು ತಿರಸ್ಕರಿಸಬೇಕೆಂದು ನಾವು ಹೇಳುವುದಿಲ್ಲ. ಸಾವಯವ ರಾಳಗಳು ಉರಿದಾಗ ಏಳುವ ಹೊಗೆಯಲ್ಲಿ ಫೀನಾಲ್, ಫಾರ್ಮಾಲ್ಡಿಹೈಡ್ ಮೊದಲಾದವು ಇರಬಹುದು. ಅದನ್ನು ಉಸಿರಾಡುವವನು ಕೂಲಿಕಾರ. ಜರ್ಮನಿಯ ಲ್ಯಾಂಡ್ಸ್‌ಹೂಟ್‌ನಲ್ಲಿರುವ ಬಿ.ಎಂ.ಡಬ್ಲ್ಯೂ. ಎರಕಶಾಲೆಯು ನಿರವಯವ ಕೋರ್‌ಗಳನ್ನು ಬಳಕೆಗೆ ತಂದಿರುವುದು ಗಮನಾರ್ಹ. ಆದರೆ ದೊಡ್ಡ ಕಾರ್ಖಾನೆ ಹವೆಯನ್ನೂ ಕಾಲವನ್ನೂ ಹತೋಟಿಯಲ್ಲಿಟ್ಟುಕೊಳ್ಳಬಲ್ಲುದು. ಶನಿವಾರ ಮಾಡಿದ ಕೋರನ್ನು ಸೋಮವಾರ ಬಳಸುವ ಸಣ್ಣ ಎರಕಶಾಲೆಗೆ ಆ ಅನುಕೂಲವೆಲ್ಲಿ? ಅಲ್ಲಿಯ ಸಫಲತೆಯನ್ನು ಇಲ್ಲಿಯ ಪ್ರಮಾಣವೆಂದು ತಂದೊಡ್ಡುವುದು ನ್ಯಾಯವಲ್ಲ.

ಆದುದರಿಂದ ಪರೀಕ್ಷೆಯ ವರದಿ ಬರೆಯುವವರಲ್ಲಿ ನಮ್ಮ ವಿನಂತಿಯಿಷ್ಟು. ಇಪ್ಪತ್ತನಾಲ್ಕು ಗಂಟೆಯ ಬಳಿಕ ಬಲವೆಷ್ಟೆಂದು ಮಾತ್ರ ಬರೆದರೆ ಸಾಲದು. ಗಾಳಿಯ ಉಷ್ಣತೆ, ಸಾಪೇಕ್ಷ ಆರ್ದ್ರತೆ, ಸಿಲಿಕೇಟಿನ ಅನುಪಾತ ಇವನ್ನೂ ಹೇಳಬೇಕು. ಶೇಕಡಾ 30, 60 ಮತ್ತು 90 ಆರ್ದ್ರತೆಗಳಲ್ಲಿ 1, 24 ಮತ್ತು 72 ಗಂಟೆಗಳ ಬಳಿಕ ಮೊದಲ ಬಲದ ಎಷ್ಟು ಪಾಲು ಉಳಿದಿದೆ ಎಂಬುದನ್ನು ತೋರಿಸಬೇಕು. ಈ ಪ್ರಯೋಗಕ್ಕೆ ಭಾರಿ ಯಂತ್ರಗಳು ಬೇಡ. ಬಾಯಿ ಮುಚ್ಚಿದ ಗಾಜಿನ ಪಾತ್ರೆ, ಒಳಗಿನ ಆರ್ದ್ರತೆಯನ್ನು ಸ್ಥಿರವಾಗಿಡುವ ಉಪ್ಪಿನ ದ್ರಾವಣಗಳು ಮತ್ತು ಬಲವನ್ನಳೆಯುವ ಸಾಮಾನ್ಯ ಉಪಕರಣ ಇವಿಷ್ಟಿದ್ದರೆ ಕಾಲೇಜಿನ ಪ್ರಯೋಗಾಲಯದಲ್ಲಿಯೇ ಇದು ಸಾಧ್ಯ. ಒಣ ಹವೆಯಲ್ಲಿ ಪಡೆದ ಅಂಕಿಯನ್ನು ನಂಬಿ ಮಳೆಗಾಲದಲ್ಲಿ ಲೋಹ ಹೊಯ್ಯುವವನ ನಷ್ಟಕ್ಕೆ, ಆ ಅಂಕಿಯನ್ನು ಅರ್ಧವಾಗಿ ಬರೆದವರೂ ಹೊಣೆಗಾರರು.