ಅರೆ ಮುಚ್ಚಿದ ವಾಲ್ವ್

ಬೆಂಗಳೂರಿನ ಕಾವೇರಿ ನೀರಿನ ಯೋಜನೆಯ ಬಗ್ಗೆ ಬರೆಯುವವರೆಲ್ಲ ಎರಡು ಅಂಕಿಗಳ ಮುಂದೆ ಕೈಮುಗಿದು ನಿಲ್ಲುತ್ತಾರೆ: ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರ. 2024ರ ಅಕ್ಟೋಬರ್ 16ರಂದು ದಿನಕ್ಕೆ 77.5 ಕೋಟಿ ಲೀಟರಿನ ಐದನೆಯ ಹಂತ ಉದ್ಘಾಟನೆಯಾದಾಗಲೂ ಇದೇ ಮಾತು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಪಂಪ್‌ಹೌಸುಗಳು ಹಗಲಿರುಳು ದುಡಿಯುತ್ತಿವೆ ಎಂಬುದು ನಿಜ. ಅಲ್ಲಿನ ಕೆಲಸಗಾರರ ಬಗ್ಗೆ ನನಗೆ ಗೌರವವೂ ಇದೆ. ಆದರೆ ಎತ್ತರವನ್ನು ಕೊಟ್ಟದ್ದು ನೆಲ. ಅದನ್ನು ಏರಿದ್ದನ್ನೇ ವಿನ್ಯಾಸದ ಗೆಲುವೆಂದು ಹೊಗಳುವುದು ವಿಮರ್ಶೆಯಲ್ಲ. ಏರಿಸಲು ಎಷ್ಟು ಬೇಕಿತ್ತು, ಎಷ್ಟು ಖರ್ಚಾಯಿತು ಎಂದು ಕೇಳಬೇಕು.

ಹತ್ತು ಲಕ್ಷ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು ಭೌತಶಾಸ್ತ್ರ ಕೇಳುವುದು 2.7 ಯೂನಿಟ್ ವಿದ್ಯುತ್. ಪಂಪು, ಮೋಟರು ಸೇರಿ ಶೇ 75ರ ದಕ್ಷತೆ ಎಂದುಕೊಂಡರೆ 3.6 ಯೂನಿಟ್. ಕಾವೇರಿಯ ಮೊದಲ ನಾಲ್ಕು ಹಂತಗಳ 145 ಕೋಟಿ ಲೀಟರನ್ನು 500 ಮೀಟರ್ ಎತ್ತಲು ಇದೇ ಲೆಕ್ಕದಲ್ಲಿ ದಿನಕ್ಕೆ 26 ಲಕ್ಷ ಯೂನಿಟ್ ಬೇಕು. ಇಷ್ಟು ನೀರಿಗೆ ಒಂದೇ ಒಂದು ಮೀಟರ್ ಹೆಡ್ (ಪಂಪು ಗೆಲ್ಲಬೇಕಾದ ಒಟ್ಟು ಎತ್ತರ) ಅನಗತ್ಯವಾಗಿ ಸೇರಿಕೊಂಡರೆ ವರ್ಷಕ್ಕೆ 19 ಲಕ್ಷ ಯೂನಿಟ್ ವ್ಯರ್ಥ. ಪಂಪಿಂಗ್ ಸ್ಟೇಷನ್ನಿನ ಮಿತವ್ಯಯ ಯಂತ್ರದ ಕೋಣೆಯಲ್ಲಿ ಹುಟ್ಟುವುದಿಲ್ಲ. ಯೋಜನಾ ವರದಿಯ ಹೆಡ್ ಲೆಕ್ಕದ ಪುಟದಲ್ಲಿ ಅದು ಹುಟ್ಟುತ್ತದೆ, ಬಹಳ ಸಲ ಅಲ್ಲೇ ಸಾಯುತ್ತದೆ.

ಆ ಪುಟವನ್ನು ಸ್ವಲ್ಪ ನಿಧಾನವಾಗಿ ಓದೋಣ. ನಮ್ಮ ಕರಾವಳಿಯ ಯಾವುದೋ ಊರಿಗೆ ದಿನಕ್ಕೆ ಒಂದು ಕೋಟಿ ಲೀಟರ್ ನೀರು ಬೇಕು ಎಂದುಕೊಳ್ಳಿ. ಹೊಳೆಯ ಜಾಕ್‌ವೆಲ್‌ನಿಂದ, ಅಂದರೆ ನೀರೆತ್ತುವ ಬಾವಿಯಿಂದ, ಗುಡ್ಡದ ಮೇಲಿನ ಟ್ಯಾಂಕಿಗೆ ನಿಜವಾದ ಏರು 40 ಮೀಟರ್. ಕೊಳವೆಯ ಘರ್ಷಣೆಗೆ 14 ಮೀಟರ್ ಎಂದು ಬರೆಯುತ್ತಾರೆ. ಇದು 30 ವರ್ಷ ಹಳೆಯದಾಗಿ ಒಳಮೈ ಒರಟಾದ ಕೊಳವೆಯಲ್ಲಿ, 30 ವರ್ಷದ ನಂತರದ ಜನಸಂಖ್ಯೆಗೆ ಬೇಕಾದ ನೀರು ಹರಿಯುವಾಗಿನ ಅಂಕಿ. ಬೆಂಡು, ವಾಲ್ವುಗಳಿಗೆ 3, ತುದಿಯಲ್ಲಿ ಉಳಿಯಬೇಕಾದ ಒತ್ತಡಕ್ಕೆ 3. ಒಟ್ಟು 60. ಸುರಕ್ಷತೆಗೆಂದು ಶೇ 10 ಸೇರಿ 66 ಆಯಿತು. ಟೆಂಡರಿನಲ್ಲಿ ಅದು 70 ಆಗುತ್ತದೆ. ಪ್ರತಿ ಸಾಲಿಗೂ ಒಂದು ಸಮರ್ಥನೆ ಇದೆ, ಯಾವ ಸಾಲೂ ಸುಳ್ಳಲ್ಲ. ಒಟ್ಟು ಮಾತ್ರ ತಪ್ಪು.

ಸ್ವಿಚ್ ಹಾಕಿದ ದಿನ ಕೊಳವೆ ಹೊಸದು, ಒಳಮೈ ನುಣುಪು, ಬೇಡಿಕೆ ಕಡಿಮೆ. ಘರ್ಷಣೆ 6 ಮೀಟರ್ ದಾಟುವುದಿಲ್ಲ, ಬೇಕಾದ ಹೆಡ್ 50ರ ಆಸುಪಾಸು. 70 ಮೀಟರಿನ ಪಂಪಿಗೆ ಎದುರು ತಡೆ ಸಾಲದೆ ಅದು ಲೆಕ್ಕ ಮೀರಿ ನೀರು ತಳ್ಳತೊಡಗುತ್ತದೆ, ಆಂಪಿಯರ್ ಏರುತ್ತದೆ, ಮೋಟರ್ ಟ್ರಿಪ್ ಆಗುತ್ತದೆ. ಆಪರೇಟರ್ ಅನುಭವಸ್ಥ. ಅವನು ಸ್ಲೂಯಿಸ್ ವಾಲ್ವನ್ನು ಅರ್ಧ ಮುಚ್ಚುತ್ತಾನೆ, ಮೀಟರಿನ ಮುಳ್ಳು ಹದಕ್ಕೆ ಬರುತ್ತದೆ. ಅಂದಿನಿಂದ ಹೆಚ್ಚುವರಿಯಾದ ಆ ಸುಮಾರು 20 ಮೀಟರ್ ಹೆಡ್ಡು ವಾಲ್ವಿನ ಬಾಯಲ್ಲೇ ಶಬ್ದವಾಗಿ, ಕಂಪನವಾಗಿ, ಬಿಸಿಯಾಗಿ ಹೋಗುತ್ತದೆ. ಒಂದು ಕೋಟಿ ಲೀಟರಿಗೆ ದಿನಕ್ಕೆ ಸುಮಾರು 725 ಯೂನಿಟ್, ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಪಂಪಿನ ದಕ್ಷತೆಯನ್ನು ಪರೀಕ್ಷಿಸಿದರೆ ಉತ್ತಮವೆಂದೇ ಬರುತ್ತದೆ, ಏಕೆಂದರೆ ಅದು ತನಗೆ ಹೇಳಿದ 70 ಮೀಟರನ್ನು ಚೆನ್ನಾಗಿಯೇ ಕೊಡುತ್ತಿದೆ. ಆದ್ದರಿಂದಲೇ ಈ ಸೋರಿಕೆ ಯಾವ ತಪಾಸಣೆಯ ಕಣ್ಣಿಗೂ ಸುಲಭಕ್ಕೆ ಬೀಳುವುದಿಲ್ಲ.

ನೀರು ಸರಬರಾಜಿನ ಬಗ್ಗೆ ಕೇಂದ್ರದ ಸಿಪಿಎಚ್‌ಇಇಒ ಸಂಸ್ಥೆ ಹೊರತಂದ ಕೈಪಿಡಿಯ 1999ರ ಆವೃತ್ತಿ ಇದಕ್ಕೆ ಮದ್ದನ್ನು ಆಗಲೇ ಹೇಳಿತ್ತು: ವಿನ್ಯಾಸದ ಅವಧಿ ಕೊಳವೆಗೆ 30 ವರ್ಷ, ಪಂಪಿಗೂ ಮೋಟರಿಗೂ 15 ವರ್ಷ. ಕಟ್ಟಡವನ್ನು ದೊಡ್ಡದಾಗಿ ಕಟ್ಟಿ, ಪಂಪನ್ನು ಮೊದಲ ಹದಿನೈದು ವರ್ಷಕ್ಕೆ ತಕ್ಕಂತೆ ಹಾಕಿ ಎಂಬುದು ಅದರ ತಾತ್ಪರ್ಯ. ಪ್ರತಿ ಕೊಳವೆ ಗಾತ್ರಕ್ಕೂ ಕೊಳವೆಯ ಬೆಲೆಯ ಜೊತೆ ಅಷ್ಟು ವರ್ಷದ ಕರೆಂಟಿನ ಬೆಲೆಯನ್ನು ಕೂಡಿ, ಕಡಿಮೆ ಬಂದದ್ದನ್ನು ಆರಿಸುವ ಕೋಷ್ಟಕವೂ ಅದರಲ್ಲಿದೆ. ಅದೇ ನೀರಿಗೆ 300 ಮಿ.ಮೀ. ಬದಲು 350 ಮಿ.ಮೀ. ಕೊಳವೆ ಹಾಕಿದರೆ ಘರ್ಷಣೆ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಕಾವೇರಿಯ ಎತ್ತರವನ್ನು ಕೊಂಡಾಡಿದವರು ಈ ಬಡ ಕೋಷ್ಟಕಕ್ಕೆ ಒಂದು ಸಾಲನ್ನಾದರೂ ಮೀಸಲಿಡಬೇಕಿತ್ತು. ನನ್ನ ಮಟ್ಟಿಗೆ ನಮ್ಮ ನೀರು ಸರಬರಾಜು ಸಾಹಿತ್ಯದಲ್ಲಿ ಅದಕ್ಕಿಂತ ಉಪಯುಕ್ತವಾದ ಪುಟ ಇನ್ನೊಂದಿಲ್ಲ.

ಈಗ ವಿಎಫ್‌ಡಿ ಭಕ್ತರ ವಿಷಯ. ಮೋಟರಿನ ವೇಗವನ್ನು ಬೇಕಾದಂತೆ ಇಳಿಸುವ ಈ ಸಾಧನವನ್ನು ಎಲ್ಲ ರೋಗಕ್ಕೂ ಔಷಧಿಯೆಂದು ಬರೆಯುವವರು ಹೆಚ್ಚುತ್ತಿದ್ದಾರೆ. ವೇಗ ಇಳಿದರೆ ವಿದ್ಯುತ್ ಬಳಕೆ ಅದರ ಘನಕ್ಕೆ ತಕ್ಕಂತೆ ಇಳಿಯುತ್ತದೆ ಎಂಬ ಸೂತ್ರ ಅವರ ಮಂತ್ರ. ಆ ಸೂತ್ರ ಪೂರ್ತಿ ಫಲಿಸುವುದು ಹೆಡ್ಡೆಲ್ಲ ಘರ್ಷಣೆಯಿಂದಲೇ ಬಂದಾಗ. ನಿಜವಾದ ಏರೇ ಹೆಡ್ಡಿನ ಶೇ 85 ಇರುವ ಕಡೆ, ವಾಲ್ವ್ ಮುಚ್ಚಿದಾಗ ಪಂಪು ವಿನ್ಯಾಸಕ್ಕಿಂತ ಶೇ 20 ಹೆಚ್ಚು ಹೆಡ್ ಕೊಡುತ್ತದೆ ಎಂದುಕೊಂಡರೂ, ವೇಗವನ್ನು ಶೇ 16 ಇಳಿಸಿದರೆ ನೀರು ಮೇಲೇರುವುದೇ ಇಲ್ಲ. ಪಂಪು ತಿರುಗುತ್ತಲೇ ಇರುತ್ತದೆ. ಊರೊಳಗಿನ ಸಮತಟ್ಟಾದ ವಿತರಣಾ ಜಾಲಕ್ಕೆ ವಿಎಫ್‌ಡಿ ಒಳ್ಳೆಯದು. ಗುಡ್ಡ ಹತ್ತಿಸುವ ಕಡೆ ಬೇರೆ ಬೇರೆ ಸಾಮರ್ಥ್ಯದ ನಾಲ್ಕಾರು ಪಂಪುಗಳನ್ನು ಸಮಾಂತರವಾಗಿ ಇಟ್ಟು ಬೇಕಾದಷ್ಟನ್ನು ಓಡಿಸುವುದೇ ಮೇಲು. ಇನ್ನು ಆಗಲೇ ಕೂರಿಸಿದ 70 ಮೀಟರಿನ ಪಂಪಿಗೆ ಪರಿಹಾರ, ಅದರೊಳಗೆ ನೀರು ತಳ್ಳುವ ಚಕ್ರವಾದ ಇಂಪೆಲ್ಲರನ್ನು ಬಿಚ್ಚಿ ಲೇತ್‌ಗೆ ಕೊಡುವುದು. ವ್ಯಾಸವನ್ನು ಸುಮಾರು ಶೇ 14 ಇಳಿಸಿದರೆ ಹೆಡ್ 52ಕ್ಕೆ ಬರುತ್ತದೆ. ಖರ್ಚು ವಿಎಫ್‌ಡಿಯ ಪ್ಯಾನಲ್ಲಿನ ಬೆಲೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಉದ್ಘಾಟನೆ ಮಾಡಲು ಏನೂ ಇಲ್ಲದ ಕೆಲಸವಾದ್ದರಿಂದ ಯಾರೂ ಇದನ್ನು ಹೊಗಳುವುದಿಲ್ಲ.

ಪಂಪಿಂಗ್ ಎಂದರೇ ಪಾಪ ಎನ್ನುವ ಪರಿಸರದ ಗೆಳೆಯರ ಜೊತೆಗೂ ನನಗೆ ತಕರಾರಿದೆ. 2019ರ ಬೇಸಿಗೆಯಲ್ಲಿ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿ ಬತ್ತಿ ಉಡುಪಿ ನೀರಿಲ್ಲದೆ ನರಳಿತು. ಆ ಊರಿಗೆ ವಾರಾಹಿ ನದಿಯ ನೀರು ತರುವ ಯೋಜನೆಯನ್ನು ಪಂಪು ಬೇಡ ಎಂದು ತಳ್ಳಿಹಾಕಲಾಗದು. ಹೆಸರಘಟ್ಟದ ನೀರನ್ನು 1890ರ ದಶಕದಲ್ಲಿ ಬೆಂಗಳೂರಿಗೆ ತಂದವರು ಸೋಲದೇವನಹಳ್ಳಿಯವರೆಗೆ ಅದನ್ನು ಇಳಿಜಾರಿನಲ್ಲೇ ಹರಿಸಿ, ಉಗಿ ಯಂತ್ರಕ್ಕೆ ಉಳಿದ ಏರನ್ನಷ್ಟೇ ಒಪ್ಪಿಸಿದರು. ಬೇಕಿರುವುದು ಆ ವಿವೇಕ. ನಮ್ಮ ವಂಡ್ಸೆ ಕಡೆಯ ಅಡಿಕೆ ತೋಟಗಳಲ್ಲಿ ಹತ್ತು ಎಚ್‌ಪಿವರೆಗೆ ಕರೆಂಟು ಉಚಿತ, ಹಾಗಾಗಿ ಎಚ್‌ಪಿ ಹೆಚ್ಚಿದ್ದರೆ ಒಳ್ಳೆಯದೆಂಬ ನಂಬಿಕೆ ಬೇರೂರಿದೆ. ಅದೇ ನಂಬಿಕೆ ನಗರದ ಯೋಜನೆಯೊಳಗೂ ನುಸುಳಿದರೆ ಬಿಲ್ಲು ಕಟ್ಟುವವರು ನಲ್ಲಿಯ ಜನ.

ಚಕ್ರಾ ಹೊಳೆಯ ದಂಡೆಯವನಾಗಿ ಈ ಲೆಕ್ಕವನ್ನು ಇನ್ನೊಂದು ಕಡೆಗೂ ಎಳೆಯಬೇಕಾಗಿದೆ. ನಮ್ಮ ಹೊಳೆಯ ಮೇಲ್ಭಾಗದ ನೀರು ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳ ಮೂಲಕ ಎಂದೋ ಲಿಂಗನಮಕ್ಕಿಗೆ ಹೋಗಿದೆ. 2019ರಲ್ಲಿ ಆ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತೆದ್ದಾಗ ಮಲೆನಾಡು ಪ್ರತಿಭಟಿಸಿತು. ಕಾಡಿನ ಬಗ್ಗೆ, ನದಿಯ ಬಗ್ಗೆ ಆಡಿದ ಮಾತುಗಳೆಲ್ಲ ಸರಿ. ಹೆಡ್ಡಿನ ಮಾತು ಸಾಕಷ್ಟು ಆಗಲಿಲ್ಲ. ಜಲಾಶಯ ತುಂಬಿದಾಗಿನ ಮಟ್ಟ 554 ಮೀಟರ್, ಬೆಂಗಳೂರು 900 ಮೀಟರಿಗಿಂತ ಮೇಲೆ. ಸುಮಾರು 400 ಕಿ.ಮೀ. ಕೊಳವೆಯಲ್ಲಿ ಕಿಲೋಮೀಟರಿಗೆ ಒಂದೇ ಮೀಟರ್ ಘರ್ಷಣೆ ಎಂದರೂ ಮತ್ತೆ 400 ಮೀಟರ್. ಏರಿಗಿಂತ ಘರ್ಷಣೆಯೇ ಹೆಚ್ಚು. ಸಾವಿರ ಲೀಟರಿಗೆ ಎರಡೂವರೆ ಯೂನಿಟ್ಟಿಗೂ ಮೇಲೆ, ಅಂದರೆ ಕಾವೇರಿಯ ಸುಮಾರು ಒಂದೂವರೆ ಪಟ್ಟು. ಜೊತೆಗೆ ಅದೇ ನೀರು ಶರಾವತಿ ವಿದ್ಯುದಾಗಾರದಲ್ಲಿ ಕೆಳಗಿಳಿಯುತ್ತ ಕೊಡುತ್ತಿದ್ದ ಕರೆಂಟೂ ಕೈತಪ್ಪುತ್ತದೆ. ಈ ಪ್ರಸ್ತಾಪ ಬಂದಾಗಲೆಲ್ಲ ಯೋಜನಾ ವರದಿಯಲ್ಲಿ ನಾನು ಮೊದಲು ತೆರೆಯುವುದು ಹೆಡ್ ಲೆಕ್ಕದ ಪುಟವನ್ನು.