ಇಲ್ಲದಿರುವುದರ ಸಾಕ್ಷ್ಯ: ಲೆಡರ್‌ಬರ್ಗ್ ದಂಪತಿಗಳ ಪ್ರಬಂಧವನ್ನು ಕುರಿತು

ಬಾದಾಮಿಯ ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದನೆಂದು ಹುನಗುಂದ ತಾಲ್ಲೂಕಿನ ಐಹೊಳೆಯ ಶಾಸನವು ಸಾರುತ್ತದೆ. ಬಾಣನ ‘ಹರ್ಷಚರಿತ’ದಲ್ಲಿ ಆ ಮಾತೇ ಇಲ್ಲ. ಮೌನವನ್ನು ಪ್ರಮಾಣವೆಂದು ಎಣಿಸಬಹುದೆ? ಈ ಪ್ರಶ್ನೆಗೆ ಸೂಕ್ಷ್ಮಜೀವಿವಿಜ್ಞಾನದ ಪ್ರಬಂಧವೊಂದು ಒಳ್ಳೆಯ ಒರೆಗಲ್ಲಾಗಿದೆಯೆಂದು ನಾವು ಭಾವಿಸುತ್ತೇವೆ.

ಜೋಶುವ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿಗಳು 1952ರಲ್ಲಿ ಅದನ್ನು ಪ್ರಕಟಿಸಿದರು. ಔಷಧವನ್ನು ತಡೆದುಕೊಳ್ಳುವ ಗುಣವು ಔಷಧ ಸೋಕುವ ಮೊದಲೇ ಕೆಲವು ಬ್ಯಾಕ್ಟೀರಿಯಗಳಲ್ಲಿ ಇರುತ್ತದೆಂಬುದು ಅವರ ಮುಖ್ಯ ವಾದ. ಆದರೆ ಅವರ ವಿಧಾನವು ಕಿಣ್ವವೊಂದನ್ನು ಕಳೆದುಕೊಂಡ ತಳಿಗಳನ್ನು ಹುಡುಕುವುದಕ್ಕೂ ಒದಗಿತು. ಸಕಲ ಪೋಷಕಗಳುಳ್ಳ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯ ಗುಂಪುಗಳನ್ನು ಮಖಮಲ್ಲಿನ ಮೇಲೆ ಕವುಚಿ ಒತ್ತಿ, ಆ ಬಟ್ಟೆಯಿಂದ ಟ್ರಿಪ್ಟೊಫಾನ್‌ನಂಥ ಒಂದು ಪೋಷಕವಿಲ್ಲದ ತಟ್ಟೆಗೆ ಅಚ್ಚು ಪಡೆಯುವುದೇ ಆ ವಿಧಾನ. ಶಾಸನದ ಮೇಲೆ ಒದ್ದೆ ಕಾಗದವನ್ನು ಕೂರಿಸಿ ಪಡಿಯಚ್ಚು ತೆಗೆಯುವವರಿಗೆ ಇದು ಅಪರಿಚಿತವಲ್ಲ. ಮೂಲದಲ್ಲಿದ್ದು ಅಚ್ಚಿನಲ್ಲಿ ಬೆಳೆಯದ ಗುಂಪೇ ಬೇಕಾದ ತಳಿ. ಅದನ್ನು ಮೂಲದ ತಟ್ಟೆಯಿಂದ ಜೀವಂತವಾಗಿ ಎತ್ತಿಕೊಳ್ಳಬಹುದು. ಒಂದೊಂದು ಗುಂಪನ್ನೂ ಬೇರೆಬೇರೆಯಾಗಿ ಪರೀಕ್ಷಿಸುವ ಶ್ರಮವನ್ನು ಇದು ತಪ್ಪಿಸಿತು.

ಆದರೆ ಬರಿದಾದ ಸ್ಥಳವು ತಾನಾಗಿ ಮಾತನಾಡುವುದಿಲ್ಲ. ಬಟ್ಟೆಯು ಆ ಗುಂಪನ್ನು ಎತ್ತದೆಯೇ ಬಿಟ್ಟಿರಬಹುದು; ಆದುದರಿಂದ ಪೂರ್ಣ ಪೋಷಕಗಳ ತಟ್ಟೆಗೂ ಒಂದು ಅಚ್ಚು ಬೇಕು. ಯಾವ ಕಿಣ್ವವಿಲ್ಲವೆಂಬುದೂ ಇಷ್ಟರಿಂದ ತಿಳಿಯದು. ಟ್ರಿಪ್ಟೊಫಾನ್ ಹಲವು ಹಂತಗಳಲ್ಲಿ ಸಿದ್ಧವಾಗುತ್ತದೆ. ಇಂಡೋಲ್ ಕೊಟ್ಟರೆ ತಳಿಯು ಬೆಳೆಯುವುದಾದರೆ, ಲೋಪವು ಇಂಡೋಲಿಗೆ ಹಿಂದಿನ ಹಂತದಲ್ಲಿದೆ. ಬೆಳೆಯದಿದ್ದರೆ ಮುಂದಿನದನ್ನು ಶಂಕಿಸಬೇಕು. ಮಖಮಲ್ಲು ಒದಗಿಸುವುದು ಪ್ರಶ್ನೆಯನ್ನು, ತೀರ್ಮಾನವನ್ನಲ್ಲ.

ಪ್ರಬಂಧದ ಚರಿತ್ರೆಗೂ ಈ ನಿಯಮವು ಅನ್ವಯಿಸುತ್ತದೆ. 1958ರ ನೊಬೆಲ್ ಪ್ರಶಸ್ತಿಯನ್ನು ಬೀಡಲ್, ಟೇಟಮ್ ಅವರೊಡನೆ ಜೋಶುವ ಲೆಡರ್‌ಬರ್ಗ್ ಪಡೆದರು. ಎಸ್ತರ್ ಅವರ ಹೆಸರು ಅಲ್ಲಿಲ್ಲ. ಪ್ರಶಸ್ತಿಯ ಪಟ್ಟಿಯನ್ನಷ್ಟೇ ಓದುವವನು ಅವರ ದುಡಿಮೆಯೇ ಇರಲಿಲ್ಲವೆಂದು ತಿಳಿದಾನು. 1952ರ ಪ್ರಬಂಧದ ಮೊದಲ ಪುಟವೇ ಅದಕ್ಕೆ ಉತ್ತರ.

‘ಹರ್ಷಚರಿತ’ದ ಕಥೆಯು ಹರ್ಷನ ಆಳ್ವಿಕೆಯ ಆರಂಭದಲ್ಲಿಯೇ ನಿಂತುಹೋಗುತ್ತದೆ. ಪುಲಕೇಶಿಯೊಡನೆ ನಡೆದ ಯುದ್ಧವು ಆ ತಟ್ಟೆಯ ಮೇಲೆ ಬರುವಂತೆಯೇ ಇರಲಿಲ್ಲ. ಅದರ ಮೌನದಿಂದ ಏನೂ ಸಿದ್ಧವಾಗುವುದಿಲ್ಲ. ಬಾಗಲಕೋಟೆ, ಇಳಕಲ್ಲುಗಳಿಂದ ವಿದ್ಯಾರ್ಥಿಗಳನ್ನು ಐಹೊಳೆಗೆ ಕರೆದೊಯ್ಯುವ ಅಧ್ಯಾಪಕರು ಶಾಸನದ ಮುಂದೆ ನಿಂತಾಗ ಈ ವಿವೇಕವನ್ನೂ ಕಲಿಸಬೇಕು: ‘ಇಲ್ಲ’ ಎನ್ನುವ ಮೊದಲು, ಇರಬೇಕಾಗಿದ್ದ ಸ್ಥಳವನ್ನು ತೋರಿಸಬೇಕು.