ಸರಿಹೋಯಿತು, ಆದರೆ ಏಕೆ?

ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಕೆಲಸ ಚೆನ್ನಾಗಿ ನಡೆದಷ್ಟೂ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ಯಾಂಕಿನ ಬ್ಯಾಲೆನ್ಸ್, ರೈಲಿನ ಸೀಟು, ರಕ್ತಪರೀಕ್ಷೆಯ ವರದಿ ಕೇಳಿದ ಕ್ಷಣಕ್ಕೆ ತೆರೆಯ ಮೇಲೆ ಬಂದರೆ ಅದರ ಹಿಂದೆ ಒಬ್ಬ ಡಿಬಿಎ ಇದ್ದಾರೆಂದು ಯಾರೂ ನೆನೆಯುವುದಿಲ್ಲ, ನೆನೆಯಬೇಕಾಗಿಯೂ ಇಲ್ಲ. ಇಂಥ ಕೆಲಸದವರು ಆಗೀಗ ಸಮ್ಮೇಳನದ ವೇದಿಕೆ ಹತ್ತಿ, ತಾವು ಕಂಡದ್ದನ್ನು ತಮ್ಮದೇ ಕಸುಬಿನವರ ಮುಂದೆ ಬಿಡಿಸಿ ಹೇಳುವುದಿದೆಯಲ್ಲ, ಅದು ನನಗೆ ಬಲು ಪ್ರಿಯವಾದ ಸಂಗತಿ. ಹೇಳುವವರಲ್ಲಿ ನಾನೂ ಒಬ್ಬ. ಕೇಳುವುದರಲ್ಲಿ ನನಗಿರುವ ಆಸೆ ಹೇಳುವುದಕ್ಕಿಂತ ದೊಡ್ಡದು. ಈ ವಾರ ಆ ಉಪನ್ಯಾಸಗಳ ರುಚಿಯ ಬಗ್ಗೆಯೇ ಬರೆಯುತ್ತೇನೆ. ಒಳ್ಳೆಯದನ್ನು ಗುರುತಿಸುವುದು ಹೇಗೆ, ಅದು ಹುಟ್ಟುವುದು ಎಲ್ಲಿ, ಈ ಕಸುಬಿಗೆ ಅದು ಏಕೆ ಬೇಕು?

ಪ್ರೊಡಕ್ಷನ್ ಸರ್ವರ್‌ನಲ್ಲಿ ತೊಂದರೆ ಕಾಣಿಸಿಕೊಂಡಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವಾಗ ಸರಿಹೋಗುತ್ತದೆ? ನಿನ್ನೆಯವರೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿದ್ದ ಕ್ವೆರಿ ಇವತ್ತು ನಿಮಿಷಗಟ್ಟಲೆ ಓಡುತ್ತಿದೆ ಎನ್ನಿ. ಆನ್‌ಕಾಲ್‌ನಲ್ಲಿರುವ ಡಿಬಿಎ ಎದ್ದು ಲಾಗಿನ್ ಆಗಿ, ಟೇಬಲ್ಲಿನ ಅಂಕಿಅಂಶ ಹಳೆಯದಾಗಿದೆಯೆಂದು ಊಹಿಸಿ ‘ಅನಲೈಜ್’ ಓಡಿಸುತ್ತಾರೆ. ಕ್ವೆರಿ ಓಡುವ ದಾರಿಯನ್ನು ಆರಿಸುವ ಪ್ಲ್ಯಾನರ್ ಮತ್ತೆ ಇಂಡೆಕ್ಸ್ ಹಿಡಿಯುತ್ತದೆ, ಕ್ವೆರಿ ಮೊದಲಿನ ವೇಗಕ್ಕೆ ಬರುತ್ತದೆ, ಟಿಕೆಟ್ ಮುಚ್ಚುತ್ತದೆ. ಇದರಲ್ಲಿ ತಪ್ಪೇನಿಲ್ಲ, ಆ ಹೊತ್ತಿಗೆ ಮಾಡಬೇಕಾದದ್ದೇ ಅದು. ಆದರೆ ಅಂಕಿಅಂಶ ಹಳತಾದದ್ದು ಏಕೆ? ಹಿಂದಿನ ಸಂಜೆ ಯಾರೋ ಲಕ್ಷಗಟ್ಟಲೆ ಸಾಲು ತುಂಬಿದರೆ? ಅಂಕಿಅಂಶವನ್ನು ತಾನಾಗಿ ಹೊಸದಾಗಿಸಬೇಕಾದ ಆಟೋವ್ಯಾಕ್ಯೂಮ್ ಹಿಂದೆ ಬಿದ್ದಿತ್ತೆ? ಹತ್ತು ಸಾಲು ಬರುತ್ತದೆಂದು ಪ್ಲ್ಯಾನರ್ ಎಣಿಸಿದ ಕಡೆ ಹತ್ತು ಲಕ್ಷ ಬಂದದ್ದು ಹೇಗೆ? ಇಷ್ಟನ್ನು ಕೇಳುವಷ್ಟರಲ್ಲಿ ಮುಂದಿನ ಟಿಕೆಟ್ ಬಂದಿರುತ್ತದೆ.

ಉಪನ್ಯಾಸಕ್ಕೆ ಪ್ರಸ್ತಾವ ಕಳಿಸಿದವರು ಈ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಕಚೇರಿಯ ಡೇಟಾವನ್ನು ವೇದಿಕೆಯ ಮೇಲೆ ತೋರಿಸುವಂತಿಲ್ಲ, ಅದು ಗ್ರಾಹಕರದು. ಹಾಗಾಗಿ ಖಾಲಿ ಲ್ಯಾಪ್‌ಟಾಪ್‌ನಲ್ಲಿ ಹೊಸ ಟೇಬಲ್ ಕಟ್ಟಿ, ಕಲ್ಪಿತ ಸಾಲುಗಳನ್ನು ತುಂಬಿ, ಅದೇ ತೊಂದರೆಯನ್ನು ಮೊದಲಿಂದ ಹುಟ್ಟಿಸಬೇಕು. ಇದನ್ನು ಮಾಡಿದವರಿಗೆ ಗೊತ್ತು, ಎಷ್ಟೋ ಸಲ ಅದು ಹುಟ್ಟುವುದೇ ಇಲ್ಲ. ನಾವು ಕಾರಣವೆಂದು ನಂಬಿದ್ದನ್ನೆಲ್ಲ ಜೋಡಿಸಿದ ಮೇಲೂ ಕ್ವೆರಿ ಸಲೀಸಾಗಿ ಓಡಿಬಿಡುತ್ತದೆ. ಅಂದರೆ ನಮ್ಮ ತಿಳಿವಳಿಕೆಯಲ್ಲಿ ಇನ್ನೂ ಏನೋ ಬಾಕಿಯಿದೆ. ಆ ಬಾಕಿಯನ್ನು ಹುಡುಕುವುದರಲ್ಲೇ ಡಿಬಿಎಯ ನಿಜವಾದ ಕಲಿಕೆ ಇರುವುದು. ವೇದಿಕೆಯ ಮೇಲಿನ ಮುಕ್ಕಾಲು ಗಂಟೆ ಅದರ ಕೊನೆಯ ಭಾಗ ಮಾತ್ರ. ಸಮ್ಮೇಳನದಲ್ಲಿ ಮಾತನಾಡುವುದು ಬಿಡುವಿನ ಹವ್ಯಾಸವೆಂದು ಕೆಲವು ಮ್ಯಾನೇಜರ್‌ಗಳು ತಿಳಿದಿದ್ದಾರೆ. ಸರ್ವರ್ ಕೇಳದ ಪ್ರಶ್ನೆಯನ್ನು ಸಭೆ ಕೇಳುತ್ತದಾದ್ದರಿಂದ ಅದು ಕೆಲಸದ ಇನ್ನರ್ಧ ಎಂದೇ ನನ್ನ ನಂಬಿಕೆ.

ಇಂಥ ಉಪನ್ಯಾಸಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಒಂದು ವಿಷಯವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. 2018ರ ಆಗಸ್ಟ್‌ನಲ್ಲಿ ಜಿಲಿಬ್‌ಸಿ ಎಂಬ ಲೈಬ್ರರಿಯ 2.28ನೇ ಆವೃತ್ತಿ ಬಂತು. ಬಹುಪಾಲು ಲಿನಕ್ಸ್ ಯಂತ್ರಗಳಲ್ಲಿ ಹೆಚ್ಚಿನ ಪ್ರೋಗ್ರಾಮುಗಳ ಬುಡದಲ್ಲಿರುವುದು ಇದೇ. ಯಾವ ಪದ ಮೊದಲು, ಯಾವುದು ಆಮೇಲೆ ಎಂಬ ವಿಂಗಡಣೆಯ ನಿಯಮವನ್ನೂ ಇದೇ ಹೇಳಿಕೊಡುತ್ತದೆ. 2.28ರಲ್ಲಿ ಆ ನಿಯಮಗಳನ್ನು ಅಂತರರಾಷ್ಟ್ರೀಯ ಮಾನದಂಡದ ಹೊಸ ರೂಪಕ್ಕೆ ಹೊಂದಿಸಿದರು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆಗ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್ಮಿನ ವಿಂಗಡಣೆಯನ್ನೇ ನೆಚ್ಚಿಕೊಂಡಿತ್ತು. ಡೆಬಿಯನ್ 9ರಿಂದ 10ಕ್ಕೆ, ರೆಡ್ ಹ್ಯಾಟ್ 7ರಿಂದ 8ಕ್ಕೆ ಹೋದವರ ಡೇಟಾಬೇಸ್ ಕೆಳಗೆ ನಿಯಮ ಸದ್ದಿಲ್ಲದೆ ಬದಲಾಗಿತ್ತು.

ಅದರಿಂದೇನಾಯಿತು? ಇಂಡೆಕ್ಸ್ ಕೆಲಸ ಮಾಡುವುದು ನಿಘಂಟಿನ ಹಾಗೆ. ಪದಗಳು ಕ್ರಮದಲ್ಲಿವೆ ಎಂಬ ಭರವಸೆಯ ಮೇಲೆ ನಡುವಿನ ಪುಟ ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ಎಂದು ನಿರ್ಧರಿಸುತ್ತೇವೆ. ಪುಸ್ತಕ ಅಚ್ಚಾದ ಮೇಲೆ ಅಕ್ಷರಗಳ ಕ್ರಮವೇ ಬೇರೆಯಾದರೆ ಪದ ಪುಸ್ತಕದಲ್ಲೇ ಇರುತ್ತದೆ, ನಾವು ಹುಡುಕುವ ಪುಟದಲ್ಲಿ ಇರುವುದಿಲ್ಲ. ಟೇಬಲ್ಲಿನಲ್ಲಿರುವ ಸಾಲನ್ನು ಡೇಟಾಬೇಸ್ ‘ಇಲ್ಲ’ ಎನ್ನುತ್ತದೆ. ಇನ್ನೂ ಕೆಟ್ಟದ್ದೆಂದರೆ, ಒಂದು ಇಮೇಲ್‌ಗೆ ಒಂದೇ ಖಾತೆ ಎಂದು ಕಾಯುವ ಯೂನಿಕ್ ಇಂಡೆಕ್ಸ್‌ಗೆ ಹಳೆಯ ಖಾತೆ ಕಾಣದೆ ಎರಡನೆಯದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಎರರ್ ಮೆಸೇಜ್ ಬರುವುದಿಲ್ಲ, ಅಲಾರಂ ಹೊಡೆಯುವುದಿಲ್ಲ. ಮುಖ್ಯ ಸರ್ವರ್ ಹಳೆಯ ಲಿನಕ್ಸ್‌ನಲ್ಲೂ ಅದರ ನಕಲಾದ ರೆಪ್ಲಿಕಾ ಹೊಸದರಲ್ಲೂ ಇದ್ದರೆ ಒಂದೇ ಪ್ರಶ್ನೆಗೆ ಎರಡೂ ಬೇರೆ ಬೇರೆ ಉತ್ತರ ಕೊಡಬಹುದು.

ಇಷ್ಟು ದೊಡ್ಡ ಅಪಾಯವನ್ನು ತೋರಿಸಲು ಬೇಕಾದದ್ದು ಎರಡೇ ಸಾಲು. ಒಂದರಲ್ಲಿ 11, ಇನ್ನೊಂದರಲ್ಲಿ ಎರಡು ಒಂದುಗಳ ನಡುವೆ ಗೆರೆ ಎಳೆದ 1-1. ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ ವಿಂಗಡಿಸಿದರೆ ಹಳೆಯ ಯಂತ್ರ 11 ಅನ್ನು ಮೊದಲು ಇಡುತ್ತದೆ, ಹೊಸದು 1-1 ಅನ್ನು. ಬಲ್ಲ ಉಪನ್ಯಾಸಕರು ಇದನ್ನು ಮೊದಲು ತೋರಿಸುತ್ತಾರೆ. ಆಮೇಲೆ ಹಳೆಯ ಯಂತ್ರದಲ್ಲಿ ಕಟ್ಟಿದ ಇಂಡೆಕ್ಸ್ ಅನ್ನು ಹೊಸ ಯಂತ್ರದಲ್ಲಿ ತೆರೆದು ಹೆಸರೊಂದನ್ನು ಹುಡುಕುತ್ತಾರೆ: ಸೊನ್ನೆ ಸಾಲು. ಇಂಡೆಕ್ಸ್ ಬಳಸಬೇಡ ಎಂದು ಹೇಳಿ ಅದೇ ಹೆಸರನ್ನು ಹುಡುಕುತ್ತಾರೆ: ಒಂದು ಸಾಲು. ಅಲ್ಲಿಂದ ಮುಂದೆ ಸಭೆಗೆ ವಿವರಣೆ ಹೆಚ್ಚು ಬೇಕಾಗುವುದಿಲ್ಲ. ಮನೆಗೆ ಹೋಗಿ ತಾನು ಏನು ಪರೀಕ್ಷಿಸಬೇಕೆಂದು ಪ್ರತಿಯೊಬ್ಬ ಡಿಬಿಎಗೂ ಗೊತ್ತಾಗಿರುತ್ತದೆ. ಅಪ್‌ಗ್ರೇಡ್ ಆದ ಮೇಲೆ ಪಠ್ಯದ ಇಂಡೆಕ್ಸ್‌ಗಳನ್ನು ರೀಇಂಡೆಕ್ಸ್ ಮಾಡಬೇಕು. ಅನುಮಾನವಿದ್ದಲ್ಲಿ ‘ಆಮ್‌ಚೆಕ್’ ಓಡಿಸಿ ಇಂಡೆಕ್ಸ್ ಕ್ರಮದಲ್ಲಿದೆಯೇ ನೋಡಬೇಕು. 2017ರ ಪೋಸ್ಟ್‌ಗ್ರೆಸ್ 10ರಿಂದ ಐಸಿಯು ಎಂಬ ಬೇರೊಂದು ಲೈಬ್ರರಿಯ ವಿಂಗಡಣೆಯೂ ಸಿಗುತ್ತದೆ. 2024ರ ಪೋಸ್ಟ್‌ಗ್ರೆಸ್ 17 ಆಪರೇಟಿಂಗ್ ಸಿಸ್ಟಮ್ಮಿನ ಹಂಗಿಲ್ಲದ ತನ್ನದೇ ವಿಂಗಡಣೆಯನ್ನು ಒಳಗೇ ತಂದಿತು.

ಈ ಕೊನೆಯದು ಅಕ್ಷರಗಳನ್ನು ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆ. ಸ್ಥಿರತೆಗೆ ಅದು ಒಳ್ಳೆಯದು. ಆದರೆ ಯೂನಿಕೋಡ್‌ನಲ್ಲಿ ‘ಳ’ ಬರುವುದು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು, ನಮ್ಮ ವರ್ಣಮಾಲೆಯಲ್ಲಿ ‘ಹ’ ಆದ ಮೇಲೆ. ಊರುಗಳ ಪಟ್ಟಿಯಲ್ಲಿ ಕವಿತಾಳಕ್ಕಿಂತ ಮೊದಲೇ ಕಳಸ ಬಂದು ಕೂತರೆ ಕನ್ನಡ ಶಾಲೆಯಲ್ಲಿ ಓದಿದವರಿಗೆ ತಪ್ಪೆನಿಸುತ್ತದೆ. ಹಾಗಾಗಿ ಹುಡುಕಲು ಸಂಖ್ಯಾಕ್ರಮದ ಇಂಡೆಕ್ಸ್, ಜನರ ಮುಂದೆ ಪಟ್ಟಿ ಇಡುವಾಗ ಭಾಷೆಯ ಕ್ರಮ ಎಂದು ಎರಡನ್ನೂ ಬೇರೆಯಾಗಿಡುವುದು ವಿವೇಕ. ಬೆಂಗಳೂರಿನ ವೇದಿಕೆಯಲ್ಲಿ ಕನ್ನಡದ ಡಿಬಿಎ ಒಬ್ಬರು ಈ ವಿಷಯವನ್ನು ಇಡಿಯಾಗಿ ಕೈಗೆತ್ತಿಕೊಂಡರೆ ರಾಜ್ಯದ ಎಷ್ಟೋ ಕಚೇರಿಗಳ ಪಟ್ಟಿಗಳಿಗೆ ಉಪಕಾರವಾದೀತು.

ತೊಂದರೆಯನ್ನು ಹೀಗೆ ಮತ್ತೆ ಹುಟ್ಟಿಸಿ ಕಟ್ಟಿದ ಉಪನ್ಯಾಸವನ್ನು ಕೇಳುವಾಗಲೇ ಗುರುತಿಸಬಹುದು. ಅದರಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ, ಏಕೆಂದರೆ ಒಂದು ಆವೃತ್ತಿಯ ಸತ್ಯ ಇನ್ನೊಂದರಲ್ಲಿ ಸುಳ್ಳಾಗಬಹುದು. ಕ್ವೆರಿಯ ಪ್ಲ್ಯಾನ್ ತೆರೆಯ ಮೇಲಿರುತ್ತದೆ. ಪ್ಲ್ಯಾನರ್ ಎಣಿಸಿದ ಸಾಲುಗಳೂ ನಿಜಕ್ಕೂ ಬಂದ ಸಾಲುಗಳೂ ಅಕ್ಕಪಕ್ಕ ಕಾಣುತ್ತವೆ. ಮೊದಲು ಹೋದ ತಪ್ಪು ದಾರಿಯನ್ನು ಅಳಿಸಿರುವುದಿಲ್ಲ, ಏಕೆಂದರೆ ಕೇಳುಗರೂ ಮೊದಲು ಅದೇ ದಾರಿ ಹಿಡಿಯುವವರು. ಪರಿಹಾರದ ಬೆಲೆಯನ್ನೂ ಹೇಳಿರುತ್ತಾರೆ: ಇಂಡೆಕ್ಸ್ ಹಾಕಿದ್ದರಿಂದ ಓದು ಚುರುಕಾಯಿತು, ಬರೆಯುವುದು ಎಷ್ಟು ನಿಧಾನವಾಯಿತು, ಡಿಸ್ಕ್ ಎಷ್ಟು ಹಿಡಿಯಿತು. ಇವಿಲ್ಲದೆ ಬರೀ ‘ಹೀಗೆ ಮಾಡಿ’ ಎನ್ನುವ ಉಪನ್ಯಾಸ ಕೈಪಿಡಿಯನ್ನು ಗಟ್ಟಿಯಾಗಿ ಓದಿದಂತಾಗುತ್ತದೆ, ಸಭೆಯ ಸಮಯ ಹಾಳು.

ಅನಾಹುತದ ಕಥೆಗಳದು ಇನ್ನೊಂದು ಬಗೆ. ಅದಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಕೋಡ್ ಇಡುವ ತಾಣ ನಡೆಸುವ ಕಂಪನಿ ಗಿಟ್‌ಲ್ಯಾಬ್. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ರೆಪ್ಲಿಕಾ ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಡೈರೆಕ್ಟರಿಯನ್ನೇ ಅಳಿಸತೊಡಗಿದರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿಯಷ್ಟು. ಬ್ಯಾಕಪ್ ಹುಡುಕಿದರೆ ಅದು ಇರಲೇ ಇಲ್ಲ: ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ‘ಪಿಜಿ ಡಂಪ್’ 9.2ರದು, ಹಾಗಾಗಿ ಅದು ಪ್ರತಿಸಲವೂ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸಿದ ಇಮೇಲ್‌ಗಳು ತಲುಪದೆ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕೈಹಿಡಿದದ್ದು ಬೇರೊಂದು ಕೆಲಸಕ್ಕಾಗಿ ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ನಡುವಿನ ಆ ಗಂಟೆಗಳ ಡೇಟಾ ಹೋಯಿತು. ಕಂಪನಿ ಇದನ್ನೆಲ್ಲ ಮುಚ್ಚಿಡಲಿಲ್ಲ. ದುರಸ್ತಿಯ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರ ತೋರಿಸಿತು, ಆಮೇಲೆ ವಿವರವಾದ ವರದಿ ಪ್ರಕಟಿಸಿತು. ಎಂಜಿನಿಯರನ್ನು ದೂರದೆ, ಒಂದೊಂದು ಕಾವಲೂ ಏಕೆ ಕೆಲಸ ಮಾಡಲಿಲ್ಲವೆಂದು ಸರಣಿಯಾಗಿ ಬಿಚ್ಚಿಟ್ಟಿತು. ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎನ್ನಬಾರದೆಂಬ ಮಾತು ನಮ್ಮಲ್ಲಿ ಮೊದಲಿಂದಲೂ ಇತ್ತು. ಅದನ್ನು ಕೇಳಿದವರೆಲ್ಲ ತಲೆದೂಗುತ್ತಿದ್ದರು. ಆ ವರದಿ ಓದಿದವರು ರಿಸ್ಟೋರ್ ಮಾಡಿಯೇ ನೋಡಿದರು.

ಪೋಸ್ಟ್‌ಗ್ರೆಸ್ ಸಮ್ಮೇಳನಗಳಿಗೆ ಇನ್ನೊಂದು ಸೊಗಸಿದೆ. ನೀವು ಯಾವ ವರ್ತನೆಯನ್ನು ವಿವರಿಸುತ್ತಿದ್ದೀರೋ ಆ ಕೋಡ್ ಬರೆದವರೇ ಎದುರಿನ ಕುರ್ಚಿಯಲ್ಲಿ ಕೂತಿರಬಹುದು. ಕೆನಡಾದ ಒಟ್ಟಾವಾದಲ್ಲಿ 2007ರಿಂದ ನಡೆದು ಬಂದ ‘ಪಿಜಿಕಾನ್’ ಇದಕ್ಕೆ ಹೆಸರಾಗಿತ್ತು. ಅದರ ಜಾಗದಲ್ಲಿ ಬಂದ ಹೊಸ ಸಮ್ಮೇಳನ 2024ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿತು. ಮುಕ್ತ ತಂತ್ರಾಂಶದವರು ಸೇರುವ ಬ್ರಸೆಲ್ಸ್‌ನ ‘ಫಾಸ್ಡೆಮ್’ಗೆ ಪ್ರವೇಶ ಶುಲ್ಕವೇ ಇಲ್ಲ. ನಮ್ಮ ಬೆಂಗಳೂರಿನ ‘ಪಿಜಿಕಾನ್ಫ್ ಇಂಡಿಯಾ’ದಲ್ಲೂ, ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ನಲ್ಲಿ ಸೇರುವ ಮುಕ್ತ ತಂತ್ರಾಂಶದ ಕೂಟಗಳಲ್ಲೂ ಅದೇ ಮುಖಾಮುಖಿ ಸಿಗುತ್ತದೆ. ‘ಇದು ಯಾವ ಆವೃತ್ತಿಯಲ್ಲಿ?’ ಎಂದು ಹಿಂದಿನ ಸಾಲಿನಿಂದ ಬರುವ ಪ್ರಶ್ನೆ ನನಗೆ ಚಪ್ಪಾಳೆಗಿಂತ ಹಿತ. ನಮ್ಮಲ್ಲಿ ಹೀಗಾಗಲಿಲ್ಲವಲ್ಲ ಎನ್ನುವವರು ಸಿಕ್ಕರೆ ಇನ್ನೂ ಒಳ್ಳೆಯದು. ಅವರ ಯಂತ್ರಕ್ಕೂ ನಮ್ಮದಕ್ಕೂ ಇರುವ ವ್ಯತ್ಯಾಸದಲ್ಲೇ ಉತ್ತರದ ಉಳಿದ ಭಾಗ ಇರುತ್ತದೆ. ಎಷ್ಟೋ ಸಲ ಅದು ಸಿಗುವುದು ಕಾಫಿ ಹಿಡಿದು ನಿಂತ ಕಾರಿಡಾರಿನಲ್ಲಿ.

ವೇದಿಕೆಯ ಈ ಬದುಕಿಗೆ ಕೊಡಬೇಕಾದ ಬೆಲೆಯೂ ಇದೆ. ಡೆಮೊ ಕಟ್ಟುವುದು ವಾರಾಂತ್ಯಗಳಲ್ಲಿ. ಸ್ಲೈಡ್‌ಗಳನ್ನು ಕಚೇರಿಯವರು ಓದಿ ಒಪ್ಪಬೇಕು. ನಾವು ವೇದಿಕೆಯ ಮೇಲಿರುವಾಗ ನಮ್ಮ ಪಾಳಿಯ ಆನ್‌ಕಾಲ್ ಫೋನ್ ಹಿಡಿದು ಕೂತಿರುವುದು ಸಹೋದ್ಯೋಗಿ. ಅವರ ಹೆಸರು ಮೊದಲ ಸ್ಲೈಡ್‌ನಲ್ಲಿ ಇರಬೇಕೆಂದು ನಾನು ಹಟ ಹಿಡಿಯುತ್ತೇನೆ. ಹಿಂದಿರುಗಿದ ಮೇಲೆ ಕೇಳಿಸಿಕೊಂಡ ಪ್ರಶ್ನೆಗಳು ಹೊಸ ಕೆಲಸವಾಗಿ ಕಾಯುತ್ತವೆ. ಆ ಕೆಲಸ ಮಾಡಿದ ತಂಡದ ಡೇಟಾಬೇಸ್ ಗಟ್ಟಿಯಾಗುತ್ತದೆ, ಹಾಗಾಗಿ ರಜೆ ಕೊಟ್ಟ ಕಚೇರಿಗೂ ನಷ್ಟವಿಲ್ಲ.

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಡೇಟಾಬೇಸ್ ಕಾಯುತ್ತಿರುವ ಕಿರಿಯರಿಗೆ ನನ್ನದೊಂದು ಕೋರಿಕೆ. ಐದು ನಿಮಿಷದ ಲೈಟ್ನಿಂಗ್ ಟಾಕ್‌ನಿಂದ ಶುರುಮಾಡಿ. ಒಂದೇ ತೊಂದರೆ, ಒಂದೇ ಟೇಬಲ್, ಒಂದೇ ಪ್ಲ್ಯಾನ್ ಸಾಕು. ಅಕ್ಷರ ಕೊನೆಯ ಸಾಲಿಗೂ ಕಾಣುವಷ್ಟು ದೊಡ್ಡದಿರಲಿ. ಡೆಮೊ ಇಂಟರ್ನೆಟ್ ನೆಚ್ಚದೆ ಲ್ಯಾಪ್‌ಟಾಪಿನಲ್ಲೇ ಓಡಲಿ, ಅದರ ರೆಕಾರ್ಡಿಂಗ್ ಕೂಡ ಜೊತೆಗಿರಲಿ. ಊರಿನ ಮೀಟಪ್‌ನಲ್ಲಾದರೆ ಕನ್ನಡದಲ್ಲೇ ಮಾತನಾಡಿ. ಇಂಡೆಕ್ಸ್, ಕ್ವೆರಿ, ಬ್ಯಾಕಪ್ ಹೇಗೂ ನಮ್ಮ ಮಾತಿನಲ್ಲಿ ಸೇರಿಹೋಗಿವೆ, ಕಾರಣ ಬಿಡಿಸಿ ಹೇಳುವುದಕ್ಕೆ ನಮ್ಮ ನುಡಿಗೆ ಯಾವ ಕೊರತೆಯೂ ಇಲ್ಲ. ಪ್ರಸ್ತಾವದಲ್ಲಿ ನಿಮ್ಮ ಅನುಭವದ ವರ್ಷಗಳನ್ನು ಎಣಿಸಬೇಡಿ. ಕಂಡ ತೊಂದರೆ ಯಾವುದು, ಅದನ್ನು ಮತ್ತೆ ಹುಟ್ಟಿಸಿದ್ದು ಹೇಗೆ, ಕೇಳುಗರು ಸೋಮವಾರ ಕಚೇರಿಗೆ ಹೋಗಿ ಏನನ್ನು ಪರೀಕ್ಷಿಸಬಹುದು ಎಂಬ ಮೂರು ಸಾಲು ಬರೆಯಿರಿ. ಆಯ್ಕೆ ಸಮಿತಿಯಲ್ಲಿ ಕೂರುವವರು ಹುಡುಕುವುದು ಆ ಮೂರು ಸಾಲನ್ನೇ. ಮುಂದಿನ ಸಲ ಏನೋ ಮಾಡಿ ಸರ್ವರ್ ಸರಿಹೋದಾಗ ಟಿಕೆಟ್ ಮುಚ್ಚಿ, ಆದರೆ ಪ್ಲ್ಯಾನಿನ ಪ್ರತಿಯನ್ನೂ ಆವೃತ್ತಿಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ನಿಮ್ಮ ಮೊದಲ ಉಪನ್ಯಾಸಕ್ಕೆ ಅಷ್ಟು ಸಾಮಗ್ರಿ ಸಾಕು.